ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕರುಳಿನ ಕ್ಯಾನ್ಸರ್, ಅದರ ಪ್ರೋಟೀನುಗಳು ಮತ್ತು ತನ್ನನ್ನೇ ಅರಗಿಸಿಕೊಳ್ಳುವ ಜೀವಕೋಶ

ಕಳೆದ ತಿಂಗಳ ಅಂಕಣದಲ್ಲಿ ದೊಡ್ಡಕರುಳು ಹಾಗೂ ಗುದನಾಳದ ಕ್ಯಾನ್ಸರ್ ಕುರಿತು ಬರೆಯುವಾಗ ಎರಡು ಮಾತು ಹೇಳಿದ್ದೆ. ರಕ್ತದಲ್ಲಿರುವ ಸಿಇಎ ಎಂಬ ಪ್ರೋಟೀನನ್ನು ಅಳೆದು ಈ ರೋಗದ ಮೇಲೆ ಕಣ್ಣಿಡಬಹುದು ಎಂಬುದು ಒಂದು. ಜೀವಕೋಶವು ತನ್ನದೇ ಭಾಗಗಳನ್ನು ಅರಗಿಸಿಕೊಳ್ಳುವ ಕ್ರಿಯೆಗೂ, ಅಂದರೆ ಆಟೋಫಜಿಗೂ, ಈ ಕ್ಯಾನ್ಸರಿನ ಬೆಳವಣಿಗೆಗೂ ನಂಟಿದೆ ಎಂಬುದು ಇನ್ನೊಂದು. ಎರಡನ್ನೂ ಒಂದೊಂದು ವಾಕ್ಯದಲ್ಲಿ ಮುಗಿಸಿದ್ದು ನನ್ನ ತಪ್ಪು ಎಂದು ಬಂದ ಪತ್ರಗಳನ್ನು ನೋಡಿದ ಮೇಲೆ ತಿಳಿಯಿತು. ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ದೊಡ್ಡಕರುಳಿನ ಎಡಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಹತ್ತು ತಿಂಗಳ ಹಿಂದೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅದಕ್ಕೆ ಮೊದಲು ಸಿಇಎ 18.4 ಇತ್ತು. ಆರು ವಾರಗಳ ನಂತರ 1.9ಕ್ಕೆ ಇಳಿಯಿತು. ನಾಲ್ಕು ತಿಂಗಳ ಹಿಂದೆ 2.8 ಇದ್ದದ್ದು ಈಗ 4.6 ಆಗಿದೆ. ವರದಿಯಲ್ಲಿ 5ರೊಳಗಿದ್ದರೆ ಸಹಜ ಎಂದು ಅಚ್ಚಾಗಿದೆ. ಆದರೂ ವೈದ್ಯರು ತಿಂಗಳೊಳಗೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿರಿ, ಸಿಟಿ ಸ್ಕ್ಯಾನ್ ಬೇಕಾಗಬಹುದು ಎನ್ನುತ್ತಾರೆ. ಸಹಜವಾಗಿದ್ದರೂ ಸ್ಕ್ಯಾನ್ ಏಕೆ?
(ಹುಬ್ಬಳ್ಳಿ)

ಉತ್ತರ: ವೈದ್ಯರು ಹೇಳಿದ್ದು ಸರಿಯಾಗಿದೆ. ವರದಿಯ ಅಂಚಿನಲ್ಲಿ ಅಚ್ಚಾಗಿರುವ ಮಿಲಿಲೀಟರಿಗೆ 5 ನ್ಯಾನೊಗ್ರಾಂ ಎಂಬುದು ಊರವರಿಗೆಲ್ಲ ಸೇರಿಸಿ ಹಾಕಿದ ಗಡಿ. ತಮ್ಮ ತಂದೆಯವರ ಗಡಿ ಅವರದೇ 1.9. ಗಡ್ಡೆಯನ್ನು ತೆಗೆದು ರಕ್ತದಲ್ಲಿದ್ದ ಹಳೆಯ ಸಿಇಎ ಕರಗಿ ಹೋದ ಮೇಲೆ ಅವರ ಶರೀರದಲ್ಲಿ ನಿಲ್ಲುವ ಮಟ್ಟ ಅದು. ಅಲ್ಲಿಂದ 2.8, ಮತ್ತೆ 4.6 ಎಂದು ಎರಡು ಸಲ ಒಂದೇ ದಿಕ್ಕಿಗೆ ಏರಿದ್ದನ್ನು ಗಡಿ ದಾಟಿಲ್ಲವೆಂಬ ಕಾರಣಕ್ಕೆ ಬದಿಗಿಡಲಾಗದು. ಹಾಗೆಂದು ರೋಗ ಮರಳಿದೆ ಎಂದೂ ಅರ್ಥವಲ್ಲ.

ಸಿಇಎಯ ಕಥೆಯನ್ನು ಸ್ವಲ್ಪ ತಿಳಿದರೆ ಈ ಎರಡನೆಯ ಮಾತು ಸ್ಪಷ್ಟವಾಗುತ್ತದೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ಇಬ್ಬರು ಸಂಶೋಧಕರು ಕರುಳಿನ ಕ್ಯಾನ್ಸರ್ ಅಂಗಾಂಶವನ್ನೂ ಅದೇ ರೋಗಿಯ ಆರೋಗ್ಯವಂತ ಕರುಳಿನ ಅಂಗಾಂಶವನ್ನೂ ಹೋಲಿಸಿ, ಕ್ಯಾನ್ಸರಿನಲ್ಲಿ ಮಾತ್ರ ಎದ್ದು ಕಾಣುವ ಒಂದು ವಸ್ತುವನ್ನು ಗುರುತಿಸಿದರು. ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲಿಯೂ ಅದು ಸಿಕ್ಕಿದ್ದರಿಂದ ಭ್ರೂಣವನ್ನು ನೆನಪಿಸುವ ‘ಕಾರ್ಸಿನೊಎಂಬ್ರಿಯಾನಿಕ್ ಆ್ಯಂಟಿಜೆನ್’, ಚಿಕ್ಕದಾಗಿ ಸಿಇಎ, ಎಂಬ ಹೆಸರು ಅದಕ್ಕೆ ಬಂತು. ವಯಸ್ಕರಲ್ಲಿಯೂ ಅಲ್ಪ ಪ್ರಮಾಣದಲ್ಲಿ ಅದು ಇರುತ್ತದೆ ಎಂಬುದು ಮುಂದೆ ತಿಳಿಯಿತು. ಆರೋಗ್ಯವಂತ ಕರುಳಿನಲ್ಲಿ ಜೀವಕೋಶಕ್ಕೆ ಒಳಮೈ, ಹೊರಮೈ ಎಂಬ ಕಟ್ಟುನಿಟ್ಟು ಇರುತ್ತದೆ. ಸಿಇಎ ಕರುಳಿನ ಟೊಳ್ಳಿನ ಕಡೆಗಿರುವ ಮೈಯಲ್ಲಿ ಕುಳಿತು ಮಲದೊಂದಿಗೆ ಹೊರಟುಹೋಗುತ್ತದೆ. ಕ್ಯಾನ್ಸರ್ ಕೋಶ ಈ ದಿಕ್ಕನ್ನು ಕಳೆದುಕೊಳ್ಳುತ್ತದೆ. ಆಗ ಅದೇ ಪ್ರೋಟೀನ್ ಎಲ್ಲ ಕಡೆಗೂ ಸೋರಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ತೆಗೆದುಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನದು. ಆದ್ದರಿಂದ ಯಕೃತ್ತಿಗೆ ತೊಂದರೆಯಾದರೆ, ಕರುಳಿನಲ್ಲಿ ಉರಿಯೂತವಿದ್ದರೆ, ಧೂಮಪಾನದ ಅಭ್ಯಾಸವಿದ್ದರೆ ಕ್ಯಾನ್ಸರ್ ಇಲ್ಲದೆಯೂ ಸಿಇಎ ಏರುತ್ತದೆ. ಕೆಲವು ಕಿಮೊ ಔಷಧಗಳು ನಡೆಯುತ್ತಿರುವಾಗ ತಾತ್ಕಾಲಿಕವಾಗಿ ಏರಿ ತಾನೇ ಇಳಿಯುವುದೂ ಉಂಟು. ತಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯ ನಂತರ ಕಿಮೊ ಆಗಿದೆಯೇ, ಆಗಿದ್ದರೆ ಯಾವಾಗ ಮುಗಿಯಿತು ಎಂಬುದನ್ನು ತಾವು ಬರೆದಿಲ್ಲ. ವೈದ್ಯರಿಗೆ ಅದು ಗೊತ್ತಿರುತ್ತದೆ.

ಇದೇ ಕಾರಣಕ್ಕೆ ರೋಗವೇ ಇಲ್ಲದವರಲ್ಲಿ ಕ್ಯಾನ್ಸರ್ ಹುಡುಕಲು ಸಿಇಎ ಸಲ್ಲದು. ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸುವ ಪ್ರಯೋಗಾಲಯಗಳ ಬಗ್ಗೆ ನನಗೆ ತಕರಾರಿದೆ: ಆರಂಭದ ಹಂತದ ಗಡ್ಡೆಗಳಲ್ಲಿ ಎಷ್ಟೋ ಸಲ ಅದು ಏರಿರುವುದೇ ಇಲ್ಲ, ಏರಿದವರಲ್ಲಿ ಎಷ್ಟೋ ಮಂದಿಗೆ ಗಡ್ಡೆ ಇರುವುದಿಲ್ಲ. ಶಸ್ತ್ರಚಿಕಿತ್ಸೆಯಾದವರಲ್ಲಿ ಮಾತ್ರ ಅದರ ಬೆಲೆ ನಿಜವಾಗಿ ತಿಳಿಯುತ್ತದೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಅನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ನೋಡುವುದು ರೂಢಿ. ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿದ ಸಣ್ಣ ಗಂಟು ಮೈಗೆ ಏನೂ ಅನಿಸುವ ಮೊದಲೇ ಸಿಇಎ ಏರಿಕೆಯಿಂದ ಸಿಕ್ಕಿ, ಅದನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಲು ಸಾಧ್ಯವಾಗುವುದು ಅಪರೂಪವಲ್ಲ. ಒಂದು ಎಚ್ಚರಿಕೆ: ಮುಂದಿನ ಪರೀಕ್ಷೆಯನ್ನು ಹಿಂದಿನವುಗಳನ್ನು ಮಾಡಿಸಿದ ಪ್ರಯೋಗಾಲಯದಲ್ಲಿಯೇ ಮಾಡಿಸಿರಿ. ಬೇರೆ ಬೇರೆ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುತ್ತವೆ. ಒಂದು ಕಡೆಯ 2.8ನ್ನು ಇನ್ನೊಂದು ಕಡೆಯ 4.6ರೊಂದಿಗೆ ಹೋಲಿಸಿ ನಿದ್ದೆಗೆಟ್ಟ ಕುಟುಂಬಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದೇನೆ. ಸೆಮಿನಾರಿಗಾಗಿ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಆಟೋಫಜಿ ಎಂಬ ವಿಷಯ ತೆಗೆದುಕೊಂಡೆ. ಎಲ್‌ಸಿ3 ಪ್ರೋಟೀನ್ ಹೆಚ್ಚಿದ್ದರೆ ರೋಗಿಗೆ ಒಳ್ಳೆಯದು ಎಂದು ಒಂದು ಪ್ರಬಂಧ, ಕೆಟ್ಟದ್ದು ಎಂದು ಇನ್ನೊಂದು. ಬೆಕ್ಲಿನ್ ವಿಷಯದಲ್ಲಿಯೂ ಹಾಗೆಯೇ. ಯಾವುದನ್ನು ನಂಬಲಿ?
(ಧಾರವಾಡ)

ಉತ್ತರ: ಎರಡನ್ನೂ ಸ್ವಲ್ಪ ಸ್ವಲ್ಪ ನಂಬಬೇಕು, ಮತ್ತು ಇಬ್ಬರೂ ಅಳೆದದ್ದು ಏನು ಎಂದು ಕೇಳಬೇಕು. ನಿಮ್ಮ ಪ್ರಶ್ನೆ ಈ ಕ್ಷೇತ್ರದ ತಿರುಳಿಗೇ ಕೈ ಹಾಕಿರುವುದರಿಂದ ಉಳಿದ ಓದುಗರು ಸ್ವಲ್ಪ ಉದ್ದದ ಉತ್ತರವನ್ನು ಸಹಿಸಿಕೊಳ್ಳಬೇಕಾಗಿ ವಿನಂತಿ.

ಜೀವಕೋಶದೊಳಗೆ ಹಳೆಯದಾದ, ಕೆಟ್ಟ ಅಥವಾ ಹೆಚ್ಚಾದ ಸಾಮಗ್ರಿಯ ಸುತ್ತ ಎರಡು ಪದರದ ಪೊರೆಯೊಂದು ಬೆಳೆದು, ಬಾಯಿ ಮುಚ್ಚಿಕೊಂಡು ಚೀಲವಾಗುತ್ತದೆ. ಆ ಚೀಲ ಆಮ್ಲವೂ ಜೀರ್ಣಕಿಣ್ವಗಳೂ ತುಂಬಿದ ಲೈಸೊಸೋಮಿನೊಂದಿಗೆ ಕೂಡಿಕೊಂಡಾಗ ಒಳಗಿದ್ದದ್ದೆಲ್ಲ ಕರಗಿ, ಅಮೈನೋ ಆಮ್ಲಗಳಾಗಿ ಮರಳಿ ಬಳಕೆಗೆ ಬರುತ್ತದೆ. ಬರಗಾಲದ ಚಳಿಗಾಲದಲ್ಲಿ ಮುರಿದ ನೇಗಿಲನ್ನು ಒಲೆಗೆ ಹಾಕಿ ಅಡುಗೆ ಮಾಡಿದಂತೆ. ಈ ಕ್ರಿಯೆಗೆ ‘ಆಟೋಫಜಿ’ ಎಂದು 1963ರಲ್ಲಿ ಹೆಸರಿಟ್ಟವರು ಲೈಸೊಸೋಮನ್ನು ಕಂಡುಹಿಡಿದ ಬೆಲ್ಜಿಯಮ್ಮಿನ ಕ್ರಿಸ್ಟಿಯಾನ್ ಡಿ ಡೂವ್. ಆಹಾರ ಸಾಕಷ್ಟಿದ್ದಾಗ ಎಂಟಿಒಆರ್ ಎಂಬ ಪ್ರೋಟೀನ್ ಈ ಕ್ರಿಯೆಯನ್ನು ತಡೆಹಿಡಿದಿರುತ್ತದೆ. ಹಸಿವಾದಾಗ ತಡೆ ಸಡಿಲವಾಗಿ ಯುಎಲ್‌ಕೆ1, ಬೆಕ್ಲಿನ್ ಮೊದಲಾದ ಪ್ರೋಟೀನುಗಳು ಚೀಲ ಕಟ್ಟುವ ಕೆಲಸಕ್ಕೆ ಇಳಿಯುತ್ತವೆ. ಎಲ್‌ಸಿ3 ಪ್ರೋಟೀನ್ ಕೊಬ್ಬಿನ ಅಣುವೊಂದಕ್ಕೆ ಅಂಟಿಕೊಂಡು ಚೀಲದ ಪೊರೆಯ ಮೇಲೆ ಕೂರುತ್ತದೆ. ಪಿ62 ಎಂಬ ಇನ್ನೊಂದು ಪ್ರೋಟೀನ್ ಒಂದು ಕೈಯಲ್ಲಿ ಕಸವನ್ನೂ ಇನ್ನೊಂದು ಕೈಯಲ್ಲಿ ಎಲ್‌ಸಿ3ಯನ್ನೂ ಹಿಡಿದು, ಕಸವನ್ನು ಚೀಲದೊಳಗೆ ಎಳೆದು ತಂದು, ಅದರೊಂದಿಗೆ ತಾನೂ ಕರಗಿಹೋಗುತ್ತದೆ.

ಈಗ ಬ್ಯಾಡಗಿಯ ಮಾರುಕಟ್ಟೆಗೆ ಬನ್ನಿ. ಸುಗ್ಗಿಯ ಒಂದು ಬೆಳಗ್ಗೆ ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿರುವ ಚಿತ್ರವೊಂದನ್ನು ಯಾರೋ ನಿಮಗೆ ತೋರಿಸಿದರು ಎನ್ನಿ. ಮಾಲು ಹೇರಳವಾಗಿ ಬಂದು ವ್ಯಾಪಾರ ಭರದಿಂದ ಸಾಗಿದೆ ಎಂದು ಒಬ್ಬ ಹೇಳಬಹುದು. ತೂಕ ನಿಂತಿದೆ, ಹಮಾಲರು ಕೆಲಸಕ್ಕೆ ಬಂದಿಲ್ಲ, ಆದ್ದರಿಂದಲೇ ಗಾಡಿಗಳು ಕದಲಿಲ್ಲ ಎಂದು ಇನ್ನೊಬ್ಬ ಹೇಳಬಹುದು. ಚಿತ್ರ ಒಂದೇ, ಅರ್ಥ ತದ್ವಿರುದ್ಧ. ಕ್ಯಾನ್ಸರ್ ಅಂಗಾಂಶದಲ್ಲಿ ಎಲ್‌ಸಿ3 ಚುಕ್ಕೆಗಳನ್ನು, ಅಂದರೆ ಅದು ಕೂತಿರುವ ಚೀಲಗಳನ್ನು, ಎಣಿಸುವುದೆಂದರೆ ಗಾಡಿಗಳನ್ನು ಎಣಿಸಿದಂತೆ. ಚೀಲಗಳು ಹೆಚ್ಚು ಹುಟ್ಟುತ್ತಿರುವುದರಿಂದಲೂ ಚುಕ್ಕೆ ಹೆಚ್ಚುತ್ತದೆ, ಲೈಸೊಸೋಮಿನ ಬಾಗಿಲು ಮುಚ್ಚಿ ಚೀಲಗಳು ಕರಗದೆ ನಿಂತಿರುವುದರಿಂದಲೂ ಹೆಚ್ಚುತ್ತದೆ. ಜೊತೆಗೆ ಪಿ62ನ್ನು ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ: ಎಲ್‌ಸಿ3 ಹೆಚ್ಚಿದ್ದು ಪಿ62 ಕಡಿಮೆಯಾಗಿದ್ದರೆ ಮಾಲು ಒಳಗೆ ಹೋಗಿ ಕರಗುತ್ತಿದೆ, ಎರಡೂ ಹೆಚ್ಚಿದ್ದರೆ ಎಲ್ಲೋ ತಡೆಯಾಗಿದೆ. ಆದರೆ ಪಿ62ನ್ನು ಜೀವಕೋಶ ಬೇರೆ ಕಾರಣಗಳಿಗಾಗಿಯೂ ಹೆಚ್ಚು ತಯಾರಿಸಬಲ್ಲದು. ಈ ಸುಳಿವನ್ನೂ ಕಣ್ಣು ಮುಚ್ಚಿ ನಂಬಲಾಗದು.

ಚೀಲಗಳು ಎಷ್ಟು ಬೇಗ ಹುಟ್ಟಿ ಕರಗುತ್ತಿವೆ ಎಂಬ ಹರಿವನ್ನು ಅಳೆಯುವುದಕ್ಕೆ ದಾರಿಯಿದೆ. ಜೀವಂತ ಕೋಶಗಳಲ್ಲಿ ಲೈಸೊಸೋಮಿನ ಕೆಲಸವನ್ನು ಔಷಧದಿಂದ ಬೇಕೆಂದೇ ನಿಲ್ಲಿಸಿ, ಕೆಲವು ಗಂಟೆಗಳಲ್ಲಿ ಎಷ್ಟು ಚೀಲ ಜಮೆಯಾಯಿತೆಂದು ಎಣಿಸಬೇಕು. ಜಪಾನಿನ ಯೋಶಿನೋರಿ ಓಸುಮಿ ಯೀಸ್ಟಿನಲ್ಲಿ ಮಾಡಿದ್ದು ಇದೇ ಉಪಾಯ: ಜೀರ್ಣಕಿಣ್ವಗಳಿಲ್ಲದ ಯೀಸ್ಟನ್ನು ಆರಿಸಿಕೊಂಡು ಉಪವಾಸ ಕೆಡವಿದಾಗ ಒಳಗೆ ಹೋದ ಚೀಲಗಳು ಕರಗಲಾರದೆ ಗುಂಪುಗೂಡಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಂಡವು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು, ಮರುವರ್ಷ ಈ ಕ್ರಿಯೆಗೆ ಅಗತ್ಯವಾದ 15 ವಂಶವಾಹಿಗಳ ಜಾಡು ಹಿಡಿದರು, 2016ರಲ್ಲಿ ನೊಬೆಲ್ ಪಡೆದರು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು, ಫಾರ್ಮಲಿನ್‌ನಲ್ಲಿ ಹಾಕಿ, ಮೇಣದ ಬ್ಲಾಕಿನಲ್ಲಿ ಕೂರಿಸಿದ ಗಡ್ಡೆಯಲ್ಲಿ ಏನೂ ಹರಿಯುವುದಿಲ್ಲ. ನೀವು ಓದಿದ ಪ್ರಬಂಧಗಳಲ್ಲಿ ಬಹುಪಾಲು ಇಂಥ ಬ್ಲಾಕುಗಳ ಮೇಲೆ ನಡೆದವು. ಅವುಗಳಲ್ಲಿಯೂ ಪ್ರೋಟೀನಿಗೆ ಅಂಟಿ ಬಣ್ಣ ತೋರಿಸಲು ಒಬ್ಬರು ಬಳಸಿದ ಪ್ರತಿಕಾಯ ಇನ್ನೊಬ್ಬರದಲ್ಲ. ಒಬ್ಬರು ಕೋಶದ ತುಂಬ ಹರಡಿದ ಬಣ್ಣವನ್ನು ಎಣಿಸಿದರೆ ಇನ್ನೊಬ್ಬರು ಕಲ್ಲಿನ ಹರಳಿನಂತೆ ಗಟ್ಟಿಯಾಗಿ ಕಾಣುವ ಉಂಡೆಗಳನ್ನು ಮಾತ್ರ ಎಣಿಸಿದರು. ‘ಹೆಚ್ಚು’ ಎಂಬುದರ ಗೆರೆಯನ್ನು ಪ್ರತಿಯೊಬ್ಬರೂ ತಮಗೆ ತಿಳಿದಲ್ಲಿ ಎಳೆದರು.

ಎರಡನೆಯ ಕಾರಣ ಇನ್ನೂ ಆಳದ್ದು. ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಾಗಿ ಹುಟ್ಟಿ, ಎಪಿಸಿ, ಕೆರಾಸ್, ಪಿ53 ಮೊದಲಾದ ವಂಶವಾಹಿಗಳು ಒಂದಾದ ಮೇಲೊಂದು ಕೆಡುತ್ತ, ಹತ್ತು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರಾಗುತ್ತದೆ. ಈ ದಾರಿಯ ಆರಂಭದಲ್ಲಿ ಆಟೋಫಜಿ ಕಾವಲುಗಾರ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ ಕೆಟ್ಟವನ್ನು ತೆಗೆದುಹಾಕಿ, ಡಿಎನ್‌ಎಗೆ ಪೆಟ್ಟು ಕೊಡುವ ಆಮ್ಲಜನಕದ ಉಗ್ರ ಕಣಗಳನ್ನು ಅದು ತಗ್ಗಿಸುತ್ತದೆ. ಅಮೆರಿಕದ ಬೆತ್ ಲೆವಿನ್ ಅವರ ತಂಡ 1999ರಲ್ಲಿ ಬೆಕ್ಲಿನ್ ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿದ್ದು, ಅದರ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಲ್ಲಿ ತಾವಾಗಿಯೇ ಗಡ್ಡೆಗಳು ಹುಟ್ಟುತ್ತವೆ ಎಂದು 2003ರಲ್ಲಿ ಕಂಡುಬಂದದ್ದು ಈ ವಾದಕ್ಕೆ ಬಲ ಕೊಟ್ಟಿತು. ಗಡ್ಡೆ ಬೆಳೆದು ನಡುಭಾಗಕ್ಕೆ ರಕ್ತ ತಲುಪದಂತಾದಾಗ ಕಥೆ ತಿರುಗುತ್ತದೆ. ಆಮ್ಲಜನಕವೂ ಅನ್ನವೂ ಇಲ್ಲದ ಕ್ಯಾನ್ಸರ್ ಕೋಶ ತನ್ನನ್ನೇ ಉಂಡು ಬದುಕಿಕೊಳ್ಳುತ್ತದೆ. 5-ಫ್ಲೂರೋಯುರಾಸಿಲ್, ಆಕ್ಸಾಲಿಪ್ಲಾಟಿನ್‌ನಂಥ ಔಷಧಗಳ ಪೆಟ್ಟು ಬಿದ್ದಾಗಲೂ ಅದೇ ಉಪಾಯಕ್ಕೆ ಮೊರೆಹೋಗುತ್ತದೆ. ಹೀಗಿರುವಾಗ ಮೊದಲ ಹಂತದ ಮತ್ತು ನಾಲ್ಕನೆಯ ಹಂತದ ರೋಗಿಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ ಎಲ್‌ಸಿ3 ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಪ್ರಶ್ನೆಯೇ ಸರಿಯಾದದ್ದಲ್ಲ.

‘ಮೊದಲು ಕಾವಲುಗಾರ, ಆಮೇಲೆ ಕಳ್ಳನ ಜೊತೆಗಾರ’ ಎಂಬ ಈ ಸೂತ್ರವನ್ನು ನಿಮ್ಮ ಸೆಮಿನಾರಿನಲ್ಲಿ ಹೇಳಿ ಕೈಬಿಡಬೇಡಿ, ಏಕೆಂದರೆ ಅದಕ್ಕೂ ತೂತುಗಳಿವೆ. ಎಪಿಸಿ ಕೆಟ್ಟ ಇಲಿಗಳ ಕರುಳಿನ ಹೊದಿಕೆಯಲ್ಲಿ ಎಟಿಜಿ7 ಎಂಬ ಅಗತ್ಯ ವಂಶವಾಹಿಯನ್ನು ತೆಗೆದು ಆಟೋಫಜಿಯನ್ನು ನಿಲ್ಲಿಸಿದಾಗ ಗಡ್ಡೆಗಳು ಹೆಚ್ಚುವ ಬದಲು ಹುಟ್ಟುವುದೇ ತಪ್ಪಿತು ಎಂದು 2015ರ ಪ್ರಯೋಗವೊಂದು ತೋರಿಸಿತು. ಕಾರಣ ಕರುಳಿನ ಕೋಶದೊಳಗಿರಲಿಲ್ಲ. ಆಟೋಫಜಿ ನಿಂತದ್ದರಿಂದ ಕರುಳಿನ ಸೂಕ್ಷ್ಮಾಣುಗಳ ಸಮುದಾಯ ಬದಲಾಗಿ, ಗಡ್ಡೆಯ ವಿರುದ್ಧ ರೋಗನಿರೋಧಕ ಟಿ-ಕೋಶಗಳು ಎಚ್ಚೆತ್ತಿದ್ದವು. ಒಂದೇ ಕೋಶವನ್ನು ನೋಡಿ ಕಟ್ಟಿದ ಸೂತ್ರ ಅದರ ನೆರೆಹೊರೆಯನ್ನು ಮರೆತಿತ್ತು. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಸೆಮಿನಾರಿಗೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ.

ರೋಗಿಗಳ ಕಡೆಯವರಿಗೂ ಒಂದು ಮಾತು: ಎಲ್‌ಸಿ3, ಪಿ62, ಬೆಕ್ಲಿನ್ ಪರೀಕ್ಷೆಗಳು ಇಂದು ಯಾವ ಚಿಕಿತ್ಸೆಯನ್ನೂ ನಿರ್ಧರಿಸುವುದಿಲ್ಲ. ಇವುಗಳಿಗಾಗಿ ಹಣ ಕೊಡಬೇಡಿ.

ಪ್ರಶ್ನೆ: ಅವ್ವನಿಗೆ ಗುದನಾಳದ ಕ್ಯಾನ್ಸರ್. ಕ್ಯಾಪೆಸಿಟಾಬಿನ್ ಎಂಬ ಕಿಮೊ ಮಾತ್ರೆ ದಿನಕ್ಕೆ ಎರಡು ಹೊತ್ತು ನಡೆದಿದೆ. ಉಪವಾಸ ಮಾಡಿದರೆ ದೇಹ ಕ್ಯಾನ್ಸರ್ ಕೋಶಗಳನ್ನು ತಾನೇ ತಿಂದುಹಾಕುತ್ತದೆ, ಅದಕ್ಕೇ ನೊಬೆಲ್ ಸಿಕ್ಕಿದೆ ಎಂಬ ಸಂದೇಶ ವಾಟ್ಸ್ಆ್ಯಪಿನಲ್ಲಿ ಬಂದ ಮೇಲೆ, ಮೊದಲಿನಿಂದ ಏಕಾದಶಿ ಹಿಡಿಯುತ್ತಿದ್ದವರು ಈಗ ವಾರಕ್ಕೆ ಮೂರು ದಿನ ನೀರೂ ಕುಡಿಯದೆ ಇರುತ್ತೇನೆ ಎನ್ನುತ್ತಿದ್ದಾರೆ. ಹೇಗೆ ಹೇಳಲಿ?
(ಗದಗ)

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿರಿ, ಅದು ತುರ್ತಿನದು. ಕ್ಯಾಪೆಸಿಟಾಬಿನ್ ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಅದನ್ನು ಪರೀಕ್ಷಿಸಿ ಪ್ರಮಾಣ ನಿಗದಿ ಮಾಡಿದ್ದೇ ಹಾಗೆ. ಊಟವಿಲ್ಲದ ದಿನ ಅವರು ಮಾತ್ರೆ ಬಿಟ್ಟರೆ ಚಿಕಿತ್ಸೆ ಹಾಳು, ಬರಿಹೊಟ್ಟೆಯಲ್ಲಿ ನುಂಗಿದರೆ ಲೆಕ್ಕ ತಪ್ಪು. ಈ ಔಷಧದಿಂದ ಭೇದಿ ಆಗುವುದು ಸಾಮಾನ್ಯ. ಭೇದಿಯ ಮೇಲೆ ನಿರ್ಜಲ ಉಪವಾಸವೂ ಸೇರಿದರೆ, ಅದರಲ್ಲಿಯೂ ಬೇಸಿಗೆಯಲ್ಲಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬರಬಹುದು.

ಇನ್ನು ನೊಬೆಲ್ ಮಾತು. ಮೇಲಿನ ಉತ್ತರದಲ್ಲಿ ಹೇಳಿದ ಓಸುಮಿಯವರು ಉಪವಾಸ ಕೆಡವಿದ್ದು ಯೀಸ್ಟನ್ನು, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಏಕಕೋಶ ಜೀವಿಯನ್ನು. ಬಹುಮಾನ ಬಂದದ್ದು ಚೀಲ ಕಟ್ಟುವ ಯಂತ್ರವನ್ನು ಬಿಡಿಸಿ ತೋರಿಸಿದ್ದಕ್ಕೆ. ಉಪವಾಸದಿಂದ ಯಾವ ರೋಗವೂ ಗುಣವಾಗುತ್ತದೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಸಂದೇಶ ಬರೆದವರು ಆಟೋಫಜಿ ಎಂಬುದನ್ನೇ ತಲೆಕೆಳಗೆ ತಿಳಿದಿದ್ದಾರೆ. ಆರೋಗ್ಯವಂತ ಕೋಶ ಹೊರಗೆ ಹೋಗಿ ಕ್ಯಾನ್ಸರ್ ಕೋಶವನ್ನು ತಿನ್ನುವ ಕ್ರಿಯೆ ಇದಲ್ಲ. ಪ್ರತಿಯೊಂದು ಕೋಶವೂ ತನ್ನನ್ನು ತಾನೇ, ಅದೂ ಬದುಕಿ ಉಳಿಯುವುದಕ್ಕಾಗಿ, ಅರಗಿಸಿಕೊಳ್ಳುವುದು ಇದು. ಉಪವಾಸದಿಂದ ಅವ್ವನ ಕೋಶಗಳಲ್ಲಿ ಆಟೋಫಜಿ ಹೆಚ್ಚಿದರೆ ಕ್ಯಾನ್ಸರ್ ಕೋಶಗಳಲ್ಲಿಯೂ ಹೆಚ್ಚಬಹುದು, ಮತ್ತು ಬೆಳೆದ ಗಡ್ಡೆಗೆ ಅದು ಅನುಕೂಲವೇ ಆಗಬಹುದು. ಕಿಮೊ ಸಮಯದಲ್ಲಿ ಅಲ್ಪಾವಧಿಯ, ಅಳತೆಯ ಆಹಾರ ಕಡಿತವನ್ನು ವೈದ್ಯರ ನಿಗಾದಲ್ಲಿ ಪರೀಕ್ಷಿಸುವ ಸಣ್ಣ ಪ್ರಯೋಗಗಳು ನಡೆದಿವೆ, ಆದರೆ ಅದಿನ್ನೂ ಚಿಕಿತ್ಸೆಯ ಭಾಗವಾಗಿಲ್ಲ. ತೂಕವೂ ಮಾಂಸಖಂಡವೂ ಇಳಿದ ರೋಗಿ ಕಿಮೊವನ್ನು ತಾಳಿಕೊಳ್ಳುವುದು ಕಷ್ಟ ಎಂಬುದಂತೂ ನಮಗೆ ಚೆನ್ನಾಗಿ ಗೊತ್ತು.

ಏಕಾದಶಿಯನ್ನು ಬಿಡಿಸಲು ಹೋಗಬೇಡಿ, ಜಗಳವಾದೀತು. ಹಾಲು, ಮೊಸರು, ಬಾಳೆಹಣ್ಣು, ಶೇಂಗಾ, ಸಾಬುದಾಣಿ ಖಿಚಡಿ ಇವೆಲ್ಲ ಫಲಾಹಾರಕ್ಕೆ ಸಲ್ಲುವ ಮನೆಗಳೇ ಹೆಚ್ಚು. ಬೆಳಗ್ಗೆ, ರಾತ್ರಿ ಹೊಟ್ಟೆ ತುಂಬ ಫಲಾಹಾರ, ಅದರ ಹಿಂದೆಯೇ ಮಾತ್ರೆ, ದಿನವಿಡೀ ನೀರು ಅಥವಾ ಮಜ್ಜಿಗೆ. ವಾರದ ಮೂರು ದಿನವನ್ನು ಮಾತ್ರ ಖಂಡಿತ ಬಿಡಿಸಿರಿ.

ಪ್ರಶ್ನೆ: ಹೈಡ್ರಾಕ್ಸಿಕ್ಲೋರೋಕ್ವಿನ್ ಆಟೋಫಜಿಯನ್ನು ತಡೆಯುತ್ತದೆ ಎಂದು ಓದಿದೆ. ಕೊರೊನಾ ಕಾಲದಲ್ಲಿ ತಂದಿಟ್ಟ ಮಾತ್ರೆಗಳು ಮನೆಯಲ್ಲಿವೆ. ಕಿಮೊ ಜೊತೆಗೆ ಕೊಡಬಹುದೇ?
(ಶಿಗ್ಗಾಂವಿ)

ಉತ್ತರ: ಕೊಡಬೇಡಿ. ಓದಿದ್ದು ನಿಜ; ಅದು ಲೈಸೊಸೋಮಿನ ಆಮ್ಲವನ್ನು ಕುಗ್ಗಿಸಿ ಚೀಲಗಳು ಕರಗದಂತೆ ಮಾಡುತ್ತದೆ. ಈ ಗುಣವನ್ನು ಕ್ಯಾನ್ಸರಿನ ವಿರುದ್ಧ ಬಳಸುವ ಪ್ರಯೋಗಗಳೂ ವರ್ಷಗಳಿಂದ ನಡೆದಿವೆ. ಆದರೆ ಕರುಳಿನ ಕ್ಯಾನ್ಸರಿಗೆ ಅದು ಮಂಜೂರಾದ ಔಷಧವಲ್ಲ. ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು, ದೀರ್ಘಕಾಲ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಕ್ಕೆ ಹಾನಿ ಮಾಡಬಲ್ಲದು. ಕಿಮೊ ಸಮಯದ ವಾಂತಿಗೆ ಕೊಡುವ ಕೆಲವು ಮಾತ್ರೆಗಳಿಗೂ ಹೃದಯದ ಮೇಲೆ ಇದೇ ಗುಣವಿದೆ. ಅಷ್ಟೇ ಅಲ್ಲದೆ ಆ ಮಾತ್ರೆಗಳ ಅವಧಿಯೂ ಮುಗಿದಿರುತ್ತದೆ.

ಪ್ರಶ್ನೆ: ತಮ್ಮನಿಗೆ 37 ವರ್ಷ. ಬಲಭಾಗದ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದೆ. ವರದಿಯಲ್ಲಿ ‘ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇಲ್ಲ’ ಎಂದು ಬರೆದಿದ್ದಾರೆ. ಏನೋ ಇಲ್ಲ ಎಂದರೆ ಒಳ್ಳೆಯದೇ ಎಂದುಕೊಂಡಿದ್ದೆವು, ಆದರೆ ವೈದ್ಯರು ಮನೆಯವರೆಲ್ಲರೂ ಬರಬೇಕು ಎಂದಿದ್ದಾರೆ. ನಮ್ಮ ಅಪ್ಪನೂ ದೊಡ್ಡಪ್ಪನೂ ಐವತ್ತರ ಒಳಗೇ ಹೊಟ್ಟೆಯ ರೋಗದಿಂದ ತೀರಿಕೊಂಡರು.
(ರಾಣೆಬೆನ್ನೂರು)

ಉತ್ತರ: ಇಲ್ಲಿ ‘ಇಲ್ಲ’ ಎಂಬುದೇ ಸುದ್ದಿ. ಜೀವಕೋಶ ಇಬ್ಭಾಗವಾಗುವಾಗ ಡಿಎನ್‌ಎಯನ್ನು ನಕಲು ಮಾಡುವಲ್ಲಿ ಆಗುವ ಅಕ್ಷರದೋಷಗಳನ್ನು ತಿದ್ದಲು ನಾಲ್ಕು ಮುಖ್ಯ ಪ್ರೋಟೀನುಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವು ಜೋಡಿಯಾಗಿ ಕೆಲಸ ಮಾಡುತ್ತವೆ. ಎಂಎಸ್‌ಎಚ್2 ಇಲ್ಲದಿದ್ದರೆ ಅದರ ಜೊತೆಗಾರ ಎಂಎಸ್‌ಎಚ್6 ಕೂಡ ಉಳಿಯುವುದಿಲ್ಲ. ಸ್ಲೈಡಿನ ಮೇಲೆ ಬಣ್ಣ ಹಾಕಿದಾಗ ಪ್ರೋಟೀನ್ ಇರುವ ಕೋಶಗಳ ಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ತಮ್ಮನ ಗಡ್ಡೆಯ ಕೋಶಗಳಲ್ಲಿ ಆ ಕಂದು ಬರಲಿಲ್ಲ, ಎಂದರೆ ತಿದ್ದುವವನು ಅಲ್ಲಿಲ್ಲ. ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಷ್ಟರಲ್ಲಿ ಈ ತಿದ್ದುಪಡಿ ವ್ಯವಸ್ಥೆ ಕೆಟ್ಟಿರುತ್ತದೆ. ಎಂಎಲ್‌ಎಚ್1 ಇಲ್ಲದಿದ್ದರೆ ಅದು ವಯಸ್ಸಾದವರಲ್ಲಿ ಗಡ್ಡೆಯಲ್ಲಿ ಮಾತ್ರ ಆದ ಬದಲಾವಣೆಯಾಗಿರುವ ಸಂಭವವೇ ಹೆಚ್ಚು. ಎಂಎಸ್‌ಎಚ್2 ಇಲ್ಲದಿದ್ದರೆ, ಅದೂ 37ರ ವಯಸ್ಸಿನಲ್ಲಿ, ಅದೂ ತಾವು ಬರೆದಂಥ ಮನೆತನದಲ್ಲಿ, ಹುಟ್ಟಿನಿಂದ ಬಂದ, ಮನೆತನದಲ್ಲಿ ಕ್ಯಾನ್ಸರ್ ತರುವ ವಂಶವಾಹಿ ದೋಷವಾದ ಲಿಂಚ್ ಸಿಂಡ್ರೋಮ್ ಇರಬಹುದೆಂದು ಬಲವಾಗಿ ಶಂಕಿಸಬೇಕು.

ಇದರ ಮೊದಲ ಸುಳಿವು ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ. ಅಮೆರಿಕದ ಮಿಶಿಗನ್ನಿನ ವೈದ್ಯ ಆಲ್ಡ್ರೆಡ್ ವಾರ್ಥಿನ್ ಅವರಿಗೆ 1895ರಲ್ಲಿ ಒಬ್ಬ ಹೊಲಿಗೆ ಕೆಲಸದ ಹೆಣ್ಣುಮಗಳು, ತನ್ನ ಮನೆಯವರೆಲ್ಲ ಸಾಯುವುದು ಕ್ಯಾನ್ಸರಿನಿಂದಲೇ, ತಾನೂ ಹಾಗೆಯೇ ಸಾಯುತ್ತೇನೆ ಎಂದಿದ್ದಳು, ಮಾತು ನಿಜವಾಯಿತು. ವಾರ್ಥಿನ್ ಆ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರು. ಈ ಸಿಂಡ್ರೋಮಿಗೆ ಯಾರ ಹೆಸರಿದೆಯೋ ಆ ವೈದ್ಯ ಹೆನ್ರಿ ಲಿಂಚ್ ಅವರ ಕೆಲಸ ಬಂದದ್ದು 1960ರ ದಶಕದಲ್ಲಿ. ಆ ಹೆಣ್ಣುಮಗಳಿಗೆ ಇಲ್ಲದಿದ್ದ ಅವಕಾಶ ತಮಗಿದೆ. ತಮ್ಮನ ರಕ್ತದಲ್ಲಿ ವಂಶವಾಹಿ ಪರೀಕ್ಷೆ ಮೊದಲು ಆಗಲಿ. ದೋಷ ಸಿಕ್ಕರೆ ಅದೇ ದೋಷ ತಮ್ಮಲ್ಲಿದೆಯೇ ಎಂದು ನೋಡುವುದು ಸುಲಭ. ಪ್ರತಿಯೊಬ್ಬ ಒಡಹುಟ್ಟಿದವರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದವರು 20ರಿಂದ 25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಬೇಕು, ಹೆಣ್ಣುಮಕ್ಕಳು ಗರ್ಭಕೋಶದ ಕಡೆಗೂ ಗಮನ ಕೊಡಬೇಕು. ಬರದವರು ನೆಮ್ಮದಿಯಾಗಿರಬಹುದು.

ತಮ್ಮನ ಮಟ್ಟಿಗೆ ಇದರಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ತಪ್ಪು ತಿದ್ದದ ಗಡ್ಡೆ ವಿಚಿತ್ರ ಪ್ರೋಟೀನುಗಳನ್ನು ಬಹಳ ತಯಾರಿಸುವುದರಿಂದ ದೇಹದ ರಕ್ಷಣಾ ಕೋಶಗಳಿಗೆ ಬೇಗ ಕಣ್ಣಿಗೆ ಬೀಳುತ್ತದೆ. ಆ ಕೋಶಗಳ ಕಟ್ಟು ಬಿಚ್ಚುವ ಪೆಂಬ್ರೊಲಿಜುಮ್ಯಾಬ್‌ನಂಥ ಔಷಧ ಇಂಥ ಗಡ್ಡೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 2017ರಲ್ಲಿ ಅದಕ್ಕೆ ಗಡ್ಡೆ ಯಾವ ಅಂಗದ್ದು ಎಂದು ನೋಡದೆ ಈ ದೋಷವನ್ನಷ್ಟೇ ನೋಡಿ ಮಂಜೂರಾತಿ ಕೊಟ್ಟರು. ರೋಗ ಹಬ್ಬಿದ್ದರೆ ಮಾತ್ರ ಸಾಮಾನ್ಯವಾಗಿ ಅದರ ಯೋಚನೆ, ದುಬಾರಿಯೂ ಹೌದು. ವರದಿಯ ಆ ಸಾಲನ್ನು ಮಾತ್ರ ಎಲ್ಲಿಗೆ ಹೋದರೂ ಮೊದಲು ತೋರಿಸಿರಿ.

ಪ್ರಶ್ನೆ: ಮಲದಲ್ಲಿ ರಕ್ತದ ಪರೀಕ್ಷೆಗೆ ಮೂರು ದಿನ ಮೊದಲು ಮೂಲಂಗಿ, ಮಾಂಸ ಬಿಡಬೇಕೆಂದು ಒಬ್ಬರು, ಏನೂ ಬಿಡಬೇಕಿಲ್ಲ ಎಂದು ಇನ್ನೊಬ್ಬರು. ಕೆಂಪು ಮೆಣಸಿನಕಾಯಿ ಚಟ್ನಿ ತಿಂದರೆ ತಪ್ಪು ಬರುತ್ತದೆಯೇ?
(ಹಾವೇರಿ)

ಉತ್ತರ: ಇಬ್ಬರೂ ಬೇರೆ ಬೇರೆ ಪರೀಕ್ಷೆಯ ಮಾತಾಡುತ್ತಿದ್ದಾರೆ. ಹಳೆಯ ಗ್ವಾಯಕ್ ಪರೀಕ್ಷೆ ರಕ್ತದ ಹೀಮ್ ಅಂಶ ನಡೆಸುವ ರಾಸಾಯನಿಕ ಕ್ರಿಯೆಯನ್ನು ನೋಡುತ್ತದೆ. ಮಾಂಸದಲ್ಲಿಯೂ ಹೀಮ್ ಇದೆ, ಮೂಲಂಗಿಯ ಕಿಣ್ವವೂ ಅದೇ ಕ್ರಿಯೆ ನಡೆಸುತ್ತದೆ. ಹೊಸ ‘ಫಿಟ್’ ಪರೀಕ್ಷೆ ಮನುಷ್ಯನ ಗ್ಲೋಬಿನ್ ಪ್ರೋಟೀನನ್ನು ಮಾತ್ರ ಪ್ರತಿಕಾಯದಿಂದ ಹಿಡಿಯುತ್ತದೆ, ಆದ್ದರಿಂದ ಪಥ್ಯ ಬೇಕಿಲ್ಲ. ಜಠರದಲ್ಲಿ ಸುರಿದ ರಕ್ತದ ಗ್ಲೋಬಿನ್ ದಾರಿಯಲ್ಲಿ ಜೀರ್ಣವಾಗಿಬಿಡುವುದರಿಂದ, ಫಿಟ್ ಹಿಡಿಯುವುದು ಹೆಚ್ಚಾಗಿ ದೊಡ್ಡಕರುಳಿನ ರಕ್ತವನ್ನೇ. ಮೆಣಸಿನಕಾಯಿಯ ಕೆಂಪು ಬಣ್ಣ ಕಣ್ಣಿಗೆ ಮೋಸ ಮಾಡೀತು, ಪರೀಕ್ಷೆಗಲ್ಲ.

ಪ್ರಶ್ನೆ: ನನಗೆ 48 ವರ್ಷ, ಒಕ್ಕಲುತನ. ಎರಡು ವರ್ಷದಿಂದ ಮಲದಲ್ಲಿ ಆಗಾಗ ರಕ್ತ ಬೀಳುತ್ತದೆ. ಮೂಲವ್ಯಾಧಿ ಎಂದು ನಮ್ಮೂರ ಕಡೆ ಪುಡಿ ಕೊಡುವವರಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನಿಸುತ್ತದೆ, ಹೊಲದಲ್ಲಿ ಬೇಗ ದಣಿವಾಗುತ್ತದೆ. ನಿಮ್ಮ ಅಂಕಣ ಓದಿ ಸಿಇಎ ಮಾಡಿಸಿದೆ. 2.2 ಬಂದಿದೆ. ಇನ್ನು ಚಿಂತೆಯಿಲ್ಲವಲ್ಲ?
(ಕುಂದಗೋಳ)

ಉತ್ತರ: ಚಿಂತೆಯಿದೆ, ಮತ್ತು ನನ್ನ ಅಂಕಣ ನಿಮ್ಮನ್ನು ತಪ್ಪು ಪರೀಕ್ಷೆಗೆ ಕಳಿಸಿತಲ್ಲ ಎಂಬ ವ್ಯಥೆಯೂ ಇದೆ. ಸಿಇಎ 2.2 ಬಂದದ್ದರಿಂದ ಕ್ಯಾನ್ಸರ್ ಇಲ್ಲವೆಂದು ಸಾಬೀತಾಗುವುದಿಲ್ಲ. ಮೂಲವ್ಯಾಧಿ ನಿಮಗೆ ಇರಲೂಬಹುದು. ಆದರೆ ಮೂಲವ್ಯಾಧಿಯಿದ್ದವರಿಗೆ ಅದರ ಮೇಲ್ಭಾಗದಲ್ಲಿ ಗಡ್ಡೆ ಆಗಬಾರದೆಂದೇನೂ ಇಲ್ಲ. ಮಲ ಪೂರ್ತಿ ಆಗಿಲ್ಲವೆಂಬ ಅನಿಸಿಕೆ, ರಕ್ತ, ದಣಿವು ಮೂರೂ ಒಟ್ಟಿಗೆ ಇರುವಾಗ ಗುದನಾಳವನ್ನು ನೋಡದೆ ಯಾರೂ ಪುಡಿ ಕೊಡಬಾರದು. ನಮ್ಮ ದೇಶದಲ್ಲಿ ಈ ಕ್ಯಾನ್ಸರುಗಳಲ್ಲಿ ಗುದನಾಳದವುಗಳ ಪಾಲು ದೊಡ್ಡದು, ಅವುಗಳಲ್ಲಿ ಬಹಳಷ್ಟು ಕೈಗವಸು ಹಾಕಿದ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿಯೇ ಇರುತ್ತವೆ. ಆ ಪರೀಕ್ಷೆಗೆ ಎರಡು ನಿಮಿಷ ಸಾಕು, ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗುತ್ತದೆ. ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಗಡಿಬಿಡಿಯಲ್ಲಿ ವೈದ್ಯರೂ ಮಾಡುವುದಿಲ್ಲ, ಹೀಗೆ ವರ್ಷಗಳು ಹೋಗುತ್ತವೆ. ನೀವು ಬಾಯಿಬಿಟ್ಟು ಕೇಳಿರಿ.

ಜೊತೆಗೆ ಹಿಮೋಗ್ಲೋಬಿನ್ ನೋಡಿಸಿರಿ. ಗಂಡಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಕರುಳಿನಲ್ಲಿ ಎಲ್ಲೋ ಸೋರುತ್ತಿದೆ ಎಂದೇ ಮೊದಲು ತಿಳಿಯಬೇಕು. ಬೆರಳಿಗೆ ಏನೂ ಸಿಗದಿದ್ದರೂ ಕೊಲೊನೋಸ್ಕೋಪಿ ಬೇಕು; ಪಾಲಿಪ್ ಸಿಕ್ಕರೆ ಅಲ್ಲಿಯೇ ಕತ್ತರಿಸಿ ತೆಗೆಯುತ್ತಾರೆ, ಗಡ್ಡೆಯಿದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಹಿಂದಿನ ದಿನ ಭೇದಿಯ ದ್ರಾವಣವನ್ನು ಲೀಟರುಗಟ್ಟಲೆ ಕುಡಿಯುವುದೇ ಅದರಲ್ಲಿ ಕಷ್ಟದ ಭಾಗ. ಮುಂದಿನ ಚಿಕಿತ್ಸೆ ಬೇಕಾದರೆ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದಲೂ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸುವುದು ಒಳ್ಳೆಯದು. ಕಾರ್ಡು, ಆಧಾರ್, ಈ ಸಿಇಎ ವರದಿಯ ಜೊತೆಗೆ ಪುಡಿಯ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿರಿ. ಅದರಲ್ಲಿ ಕಬ್ಬಿಣದ ಭಸ್ಮವಿದ್ದರೆ ಮಲ ಕಪ್ಪಾಗುತ್ತದೆ, ವೈದ್ಯರಿಗೆ ಅದು ಮೊದಲೇ ತಿಳಿದಿರಬೇಕು.